ದೇವರಿಗೇ ಗಡುವು ಕೊಟ್ಟ ಚಿಕ್ಕಪ್ಪ

ದೇವರಿಗೇ ಗಡುವು ಕೊಟ್ಟ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು ಬಂತು, ಅವರ ಮನೆಯಲ್ಲಿ ನಾಲ್ಕು ವರ್ಷ ಉಂಡು ಮಲಗಿ ಎದ್ದಿದ್ದೇನೆ! ಅವರು ನಮ್ಮ ಚಿಕ್ಕಪ್ಪ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದೆನೋ, ಇದು ಅಚ್ಚಾಗುವ ಮೊದಲೇ ಪ್ರೆಸ್ಸಿನ ಬಾಗಿಲಿಗೆ ಹೋಗಿ ನಿಂತು, "ಆಯ್ತಾ? ಇನ್ನೂ ಆಗ್ನಿಲ್ವಾ?" ಎಂದು ಪ್ರಾಣ ತಿನ್ನುವ ಆಸಾಮಿ ಅವರು.

ಅಜ್ಜಿ ಹೇಳುತ್ತಿದ್ದ ಪ್ರಕಾರ ಚಿಕ್ಕಪ್ಪ ಹೊಟ್ಟೆಯಲ್ಲಿದ್ದಾಗಲೇ ಒದ್ದೂ ಒದ್ದೂ ಎಂಟನೇ ತಿಂಗಳಿಗೇ ಈಚೆ ಬಂದುಬಿಟ್ಟರಂತೆ. ಬಂದವರು ಅಳಲೂ ಇಲ್ಲವಂತೆ, ಸೂಲಗಿತ್ತಿಯ ಮುಖವನ್ನು 'ಮುಂದೇನು?' ಎನ್ನುವ ಹಾಗೆ ನೋಡಿದರಂತೆ. ಅಜ್ಜಿಯ ಮಾತಿನಲ್ಲಿ ಸ್ವಲ್ಪ ಉಪ್ಪುಖಾರ ಜಾಸ್ತಿಯೇ ಇರುತ್ತಿತ್ತು, ಒಪ್ಪುತ್ತೇನೆ. ಆದರೆ ಚಿಕ್ಕಪ್ಪನ ಜೊತೆ ಒಂದು ವಾರ ಇದ್ದವರು ಯಾರೂ ಅಜ್ಜಿಯನ್ನು ಅನುಮಾನಿಸುವುದಿಲ್ಲ.

ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ಪಾಂಡವಪುರದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನನಗೆ ಟೀಚರಮ್ಮನ ಕೆಲಸ ಸಿಕ್ಕಿತು. ಕೆ.ಆರ್. ಪೇಟೆಯ ನಮ್ಮ ಮನೆಯಿಂದ ದಿನಾ ಓಡಾಡುವುದು ಆಗದ ಮಾತು. "ಪಾಂಡವಪುರದಲ್ಲಿ ಚಿಕ್ಕಪ್ಪ ಇಲ್ವಾ? ಅಲ್ಲೇ ಇರು," ಎಂದರು ಅಪ್ಪ. ನಾನು ಟ್ರಂಕು ಹಿಡಿದು ಹೋದೆ. ಮನೆಯಲ್ಲಿ ಇದ್ದದ್ದು ಮೂರೇ ಜನ: ಚಿಕ್ಕಪ್ಪ, ಚಿಕ್ಕಮ್ಮ, ಮತ್ತು ಮೂರು ವರ್ಷದ ಅವರ ಮಗಳು ಫಿಲೋಮಿನಾ. ಮನೆಯವರಿಗೆಲ್ಲ ಅವಳು ಮಿನ್ನಿ.

ಮೊದಲ ದಿನ ಬೆಳಿಗ್ಗೆಯೇ ನನಗೆ ದೀಕ್ಷೆಯಾಯಿತು. ಚಿಕ್ಕಮ್ಮ ಇಡ್ಲಿಗೆ ಇಟ್ಟಿದ್ದರು. ಚಿಕ್ಕಪ್ಪ ಎರಡು ನಿಮಿಷಕ್ಕೊಮ್ಮೆ ಅಡುಗೆಮನೆಗೆ ಬಂದು ಮುಚ್ಚಳ ತೆಗೆದು, ಮುಖಕ್ಕೆ ಹಬೆ ಹೊಡೆಸಿಕೊಂಡು, "ಬೆಂತಾ?" ಎನ್ನುವುದು. ಐದನೇ ಸಲಕ್ಕೆ ಚಿಕ್ಕಮ್ಮ ಸೌಟು ಎತ್ತಿದರು. "ಮುಚ್ಚಳ ಮುಚ್ಚಿ ಅತ್ಲಾಗ್ ಓಗಿ! ನೀವು ಇಂಗ್ ಎದ್ರುಗೇ ನಿಂತ್ಕಂಡ್ರೆ ಇಡ್ಲಿಗೂ ನಾಚ್ಕೆ ಆಯ್ತದೆ, ಬೇಯಕ್ಕಿಲ್ಲ!"

ಇಂಥವರಿಗೆ ದೇವರು ಯಾವ ಉದ್ಯೋಗ ಕೊಡಬೇಕಿತ್ತು ಹೇಳಿ? ಕೊಟ್ಟದ್ದು ಬಸ್ ಕಂಡಕ್ಟರ್ ಕೆಲಸ! ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವ ಒಂದು ಖಾಸಗಿ ಬಸ್ಸು. ಹತ್ತುವವರ ಒಂದು ಕಾಲು ಮೆಟ್ಟಿಲ ಮೇಲೂ ಇನ್ನೊಂದು ಕಾಲು ನಾಗಮಂಗಲದ ನೆಲದ ಮೇಲೂ ಇರುವಾಗಲೇ ಚಿಕ್ಕಪ್ಪನ ಸೀಟಿ ಕೂಗಿಬಿಡುತ್ತಿತ್ತು. ಒಂದು ದಿನ ಜಕ್ಕನಹಳ್ಳಿಯಲ್ಲಿ ಡ್ರೈವರ್ ಸಿದ್ದಣ್ಣ ಟೀ ಕುಡಿಯಲು ಇಳಿದಿದ್ದಾನೆ. ಹಿಂದುಗಡೆ ಟಿಕೆಟ್ ಹರಿಯುತ್ತಿದ್ದ ಚಿಕ್ಕಪ್ಪ ಅದನ್ನು ನೋಡಿಲ್ಲ. ಒಂದು ಸೀಟಿ, ಎರಡು ಸೀಟಿ, ಮೂರನೆಯದು. "ಯಾಕಣ್ಣೋ ಸಿದ್ದಣ್ಣ, ನಿದ್ದೆ ಬಂತಾ? ಎಳಿಯಣ್ಣ ಗಾಡಿಯ!"

ಮುಂದೆ ಕೂತಿದ್ದ ಗೌಡರೊಬ್ಬರು ತಿರುಗಿ, "ಡ್ರೈವರ್ರೇ ಇಲ್ಲ ಕಣಪ್ಪ," ಎಂದರು.

"ಇಲ್ದಿದ್ರೇನ್ ಗೌಡ್ರೇ, ಮುಂದಕ್ಕೆ ಇಳಿಜಾರೇ ಅಲ್ವಾ!"

ಪಾಂಡವಪುರದ ಸ್ಟೇಷನ್ ಹತ್ತಿರ ರೈಲ್ವೆ ಗೇಟು ಹಾಕಿದಾಗಲಂತೂ ಅವರನ್ನು ನೋಡಬೇಕಿತ್ತು. ಉಳಿದವರೆಲ್ಲ ಕಡಲೆಕಾಯಿ ಬಿಡಿಸುತ್ತಾ ಕೂತರೆ, ಇವರು ಇಳಿದು ಹೋಗಿ ಗೇಟಿನವನ ಜೊತೆ ಜಗಳ. "ಎಲ್ಲಿಗ್ ಬಂದದೆ ಅಂತ ಒಂದ್ ಫೋನ್ ಮಾಡ್ ಕೇಳಪ್ಪ! ವಸಿ ಬಿರ್ನೆ ಬಾ ಅನ್ನು!" ಗೇಟಿನವನು ಬೀಡಿ ಹಚ್ಚಿಕೊಂಡು ಬಹಳ ಶಾಂತವಾಗಿ, "ಅಂದೆ ಕಣಣ್ಣ. ಕಂಡಕ್ಟರ್ರು ಬಯ್ತಾವ್ರೆ ಅಂತಲೂ ಯೋಳ್ದೆ. ಅದ್ಕೇ ಎದ್ರುಕೊಂಡು ಅಲ್ಲೇ ನಿಂತದೆ," ಎಂದನಂತೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮನೆಯಲ್ಲಿ ಅವಸರ ಮಾಡಲಾಗದ ಒಂದು ಸಂಗತಿ ಇತ್ತು. ಮಿನ್ನಿ ಮಾತಾಡುತ್ತಿರಲಿಲ್ಲ.

ಮೂರು ವರ್ಷ ತುಂಬಿ ನಾಲ್ಕಕ್ಕೆ ಬಿದ್ದಿತ್ತು ಮಗು. ನಗುತ್ತಿತ್ತು. ಕರೆದರೆ ತಿರುಗುತ್ತಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿತ್ತು. ಮಾತೊಂದಿಲ್ಲ. ಅಪ್ಪ ಇಲ್ಲ, ಅವ್ವ ಇಲ್ಲ, ಒಂದು 'ಊಂ' ಕೂಡ ಇಲ್ಲ. ಮೈಸೂರಿನ ಡಾಕ್ಟರ್ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಕಿವಿ ನೋಡಿದರು, ಗಂಟಲು ನೋಡಿದರು, ಗೊಂಬೆ ಕೊಟ್ಟು ಆಡಿಸಿ ನೋಡಿದರು. "ಏನೂ ತೊಂದರೆ ಕಾಣಿಸ್ತಿಲ್ಲ. ಕೆಲವು ಮಕ್ಕಳು ತಡ ಮಾಡ್ತಾರೆ, ಅದಕ್ಕೆ ಯಾರದೂ ತಪ್ಪಿಲ್ಲ. ಅವಳ ಜೊತೆ ಮಾತಾಡ್ತಾ ಇರಿ. ಕಾಯಬೇಕು," ಎಂದರು.

"ಎಷ್ಟ್ ದಿನ ಸಾರ್?"

"ಅದು ಹೇಳಕ್ಕಾಗಲ್ಲ."

"ಒಂದ್ ಅಂದಾಜು ಸಾರ್? ಮುಂದಿನ್ ಬುಧವಾರ?"

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ನೆಲ ನೋಡಿದೆ. ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಶ್ರೀರಂಗಪಟ್ಟಣ ಬರುವವರೆಗೂ ಅದರ ಕಿವಿಯಲ್ಲಿ, "ಅಪ್ಪ ಅನ್ನು. ಅಪ್ಪ. ಅನ್ನವ್ವ, ಅಪ್ಪ," ಎನ್ನುತ್ತಲೇ ಇದ್ದರು. ಹೊಳೆ ಬಂದಾಗ ಮಗು ನೀರಿನ ಕಡೆ ಬೆರಳು ಮಾಡಿ ನಕ್ಕಿತು.

ಪಕ್ಕದ ಮನೆಯ ಗೌಡತಿ ಒಂದು ತುಂಡು ಬಜೆ ತಂದುಕೊಟ್ಟು, ಜೇನುತುಪ್ಪದಲ್ಲಿ ತೇಯ್ದು ದಿನಾ ಒಂದು ಚೂರು ನಾಲಗೆಗೆ ಸವರಿದರೆ ಮಾತು ಬರುತ್ತದೆ ಎಂದರು. ದಿನಾ ಒಂದು ಚೂರು! ಚಿಕ್ಕಪ್ಪ ಕೂತು ತಿಂಗಳಿಗಾಗುವಷ್ಟನ್ನು ಒಂದೇ ಸಲ ತೇಯ್ದರು. ಪುಣ್ಯಕ್ಕೆ ಚಿಕ್ಕಮ್ಮ ನೋಡಿ ಕಲ್ಲನ್ನೇ ಕಿತ್ತುಕೊಂಡರು. "ಮಗೀಗ್ ಯಾಕೆ, ಮೊದ್ಲು ನಿಮ್ ನಾಲ್ಗೆಗ್ ಸವರ್ಕಳಿ, ನೋಡವ!" ಎಂದರು. ಅವರು ಸವರಿಕೊಂಡೂಬಿಟ್ಟರು! ಅದರ ಖಾರಕ್ಕೂ ಕಹಿಗೂ ಸಂಜೆಯವರೆಗೆ ಮಾತಿಲ್ಲದೆ ಓಡಾಡಿದರು. ಮನೆಯಲ್ಲಿ ಅಂಥ ಪ್ರಶಾಂತವಾದ ಮಧ್ಯಾಹ್ನ ನಾನು ಮತ್ತೆ ಕಾಣಲಿಲ್ಲ.

ಆಮೇಲೆ ಶುರುವಾಯಿತು ದೇವರ ಮೇಲಿನ ಒತ್ತಡ.

ನಾವು ಕಥೋಲಿಕ ಕ್ರೈಸ್ತರು. ಗೌಡರ ಮನೆಗಳ ನಡುವೆ ನಮ್ಮವು ಬೆರಳೆಣಿಕೆಯ ಮನೆಗಳು. ಮುದ್ದೆ, ಉಪ್ಸಾರು, ಮಾತು ಎಲ್ಲ ಒಂದೇ, ಭಾನುವಾರದ ದಾರಿ ಮಾತ್ರ ಬೇರೆ. ಒಂದು ಸಣ್ಣ ಚರ್ಚು, ಅದಕ್ಕೊಬ್ಬರು ವಯಸ್ಸಾದ ಪಾದ್ರಿ. ಅವರನ್ನು ನಾವು ಸ್ವಾಮಿಗಳು ಎಂದೇ ಕರೆಯುವುದು. ಸ್ವಾಮಿಗಳು ಚಿಕ್ಕಪ್ಪನಿಗೆ ಸಂತ ಅಂತೋಣಿಯವರ ನವೇನ ಹೇಳಿದರು. ಒಂಬತ್ತು ಮಂಗಳವಾರ ಚರ್ಚಿಗೆ ಬಂದು ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡಬೇಕು.

ಮೊದಲನೇ ಮಂಗಳವಾರ ಚಿಕ್ಕಪ್ಪ ಬಸ್ಸಿಗೆ ರಜೆ ಹಾಕಿ ಬೆಳಿಗ್ಗೆ ಆರಕ್ಕೇ ಹೋದರು. ಹನ್ನೆರಡಾದರೂ ಬರಲಿಲ್ಲ. ಅವತ್ತು ಶಾಲೆಗೆ ರಜೆ ಇತ್ತು. ಚಿಕ್ಕಮ್ಮ ನನ್ನನ್ನು ಕಳಿಸಿದರು. ಹೋಗಿ ನೋಡುತ್ತೇನೆ, ಸ್ವಾಮಿಗಳು ಚರ್ಚಿನ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾರೆ. ಚಿಕ್ಕಪ್ಪ ಒಳಗಿನಿಂದ ಬಂದರು, ಚರ್ಚಿಗೆ ಒಂದು ಸುತ್ತು ಹಾಕಿದರು, ನಲ್ಲಿಯಲ್ಲಿ ಮುಖ ತೊಳೆದರು, ಬೇಲಿಯ ಮೇಲೆ ಒಣಹಾಕಿದ್ದ ಇನ್ನೊಂದು ಅಂಗಿ ತೊಟ್ಟರು, ತಲೆ ಬಾಚಿಕೊಂಡು ಮತ್ತೆ ಒಳಗೆ ಹೊರಟರು.

"ನಿಲ್ಲಪ್ಪ! ಬೆಳಗಿನಿಂದ ಎಷ್ಟನೇ ಸಲ ಇದು?" ಎಂದರು ಸ್ವಾಮಿಗಳು.

"ಏಳ್ನೇ ವಾರ ಸ್ವಾಮಿ. ಇನ್ನೆಲ್ಡೇ ವಾರ. ಮೂರ್ ಗಂಟೆಗೆಲ್ಲ ಮುಗ್ದೋಯ್ತದೆ."

ಎರಡು ತಿಂಗಳ ನವೇನವನ್ನು ಒಂದೇ ದಿನದಲ್ಲಿ ಮುಗಿಸಿ, ವಾರ ಬದಲಾಗಿದೆ ಎಂದು ಸಂತರಿಗೆ ಗೊತ್ತಾಗಲಿ ಅಂತ ಅಂಗಿ ಬದಲಾಯಿಸಿದ ಭಕ್ತರು ಕ್ರೈಸ್ತ ಸಭೆಯಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ! ಮೂರೂವರೆಗೆ ಮನೆಗೆ ಬಂದವರೇ ಮಿನ್ನಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು, "ಊಂ, ಈಗನ್ನು," ಎಂದರು. ಮಗು ಅವರ ಮೂಗು ಹಿಡಿದು ಎಳೆಯಿತು. ನಾವೆಲ್ಲ ನಕ್ಕೆವು. ಅವರೂ ನಕ್ಕರು, ಆದರೆ ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಸುಮ್ಮನೆ ಸೌದೆ ಒಡೆದರು. ಒಡೆಯಬೇಕಾದ ಸೌದೆ ಅಷ್ಟೇನೂ ಇರಲಿಲ್ಲ.

ಡಿಸೆಂಬರ್ ಬಂತು. ಕ್ರಿಸ್ಮಸ್ಸಿಗೆ ಮೊದಲು ನಮ್ಮಲ್ಲಿ ಮನೆಮನೆಯಲ್ಲೂ ಗೋದಲಿ ಕಟ್ಟುತ್ತೇವೆ. ಹುಲ್ಲಿನ ಕೊಟ್ಟಿಗೆ, ಹಸು, ಕುರಿ, ಮರಿಯಮ್ಮ, ಜೋಸೆಫರು ಎಲ್ಲ ಇಟ್ಟರೂ ನಡುವಿನ ತೊಟ್ಟಿಲು ಮಾತ್ರ ಖಾಲಿ. ಬಾಲಯೇಸುವಿನ ಗೊಂಬೆ ಇಡುವುದು ಹಬ್ಬದ ದಿನವೇ. ಅಲ್ಲಿಯವರೆಗೆ ಆ ಖಾಲಿ ತೊಟ್ಟಿಲನ್ನು ನೋಡಿಕೊಂಡು ಕಾಯುವುದೇ ಒಂದು ವ್ರತ. ಚಿಕ್ಕಪ್ಪ ಡಿಸೆಂಬರ್ ಎರಡನೇ ತಾರೀಕಿಗೇ ಗೊಂಬೆ ಇಟ್ಟುಬಿಟ್ಟರು! ಚಿಕ್ಕಮ್ಮ ತೆಗೆದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟರು. ಚಿಕ್ಕಪ್ಪ ಹುಡುಕಿ ಮತ್ತೆ ಇಟ್ಟರು. ಹೀಗೆ ಬಾಲಯೇಸು ಒಂದು ವಾರ ಡಬ್ಬಿಗೂ ತೊಟ್ಟಿಲಿಗೂ ಓಡಾಡಿದ. ಮನೆಗೆ ಬಂದ ಸ್ವಾಮಿಗಳು ಗೋದಲಿ ನೋಡಿ ಹುಬ್ಬೇರಿಸಿದರು. "ಏನಪ್ಪ, ಮರಿಯಮ್ಮನಿಗೆ ಒಂಬತ್ತು ತಿಂಗಳು ತುಂಬುವುದಕ್ಕೂ ಬಿಡುವುದಿಲ್ಲವಾ ನೀನು?"

"ಅಲ್ಲ ಸ್ವಾಮಿ, ಎಂಗಿದ್ರೂ ಬರೋನೇ ಅಲ್ವಾ? ಬರೋದೇ ಆದ್ರೆ ವಸಿ ಮುಂಚೆ ಬಂದ್ರೆ ಅವ್ನ್ ಗಂಟೇನ್ ಓಯ್ತದೆ?"

ಹೇಳುತ್ತಲೇ ಅವರ ಕಣ್ಣು ಮಿನ್ನಿಯ ಕಡೆ ಹೋಯಿತು. ಅವರು ಗೊಂಬೆಯ ಮಾತು ಆಡುತ್ತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಸ್ವಾಮಿಗಳು ಗೊಂಬೆಯನ್ನು ತೆಗೆಯದೆ ಕಾಫಿ ಕುಡಿದು ಹೋದರು.

ಮರುವರ್ಷ, ಪಾಸ್ಖ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ತಪಸ್ಸುಕಾಲದಲ್ಲೇ ಗಡುವು ಕೊಟ್ಟದ್ದು. ಉಪವಾಸ, ಶಿಲುಬೆ ಹಾದಿ ಎಲ್ಲ ಮಾಡಿ, ಗೋಡೆಯ ಮೇಲಿದ್ದ ಶಿಲುಬೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ನಮಗೆಲ್ಲ ಕೇಳಿಸುವ ಹಾಗೆ, "ನೋಡು ಯೇಸಪ್ಪ, ಪಾಸ್ಖ ಹಬ್ಬದೊಳ್ಗೆ. ನೀನು ಸಮಾಧಿಯಿಂದ ಎದ್ ಬಂದ್ ದಿನ ನನ್ ಮಗಳು ಬಾಯ್ ಬುಡ್ಬೇಕು. ಅದ್ಕಿಂತ ಒಂದಿನ ಮುಂದಕ್ಕೋದ್ರೂ ನಾನು ನಿನ್ ಮನೆಗ್ ಬರಕ್ಕಿಲ್ಲ," ಎಂದರು. ಚಿಕ್ಕಮ್ಮ ಶಿಲುಬೆಯ ಗುರುತು ಹಾಕಿಕೊಂಡರು. ನನಗೆ ನಗು ಬರಲಿಲ್ಲ.

ಪಾಸ್ಖ ಹಬ್ಬ ಬಂತು. ಗಂಟೆ ಹೊಡೆಯಿತು, ಹಾಡಾಯಿತು, ಮನೆಯಲ್ಲಿ ಕೋಳಿಸಾರೂ ಆಯಿತು. ಮಿನ್ನಿ ಹೊಸ ಫ್ರಾಕು ಹಾಕಿಕೊಂಡು ಮನೆ ತುಂಬ ಓಡಾಡಿದಳು. ಮಾತಿಲ್ಲ. ಚಿಕ್ಕಪ್ಪ ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದರು.

ಮುಂದಿನ ಭಾನುವಾರದಿಂದ ಅವರ ಮುಷ್ಕರ. ಚರ್ಚಿಗೆ ನಮ್ಮ ಜೊತೆಗೇ ಬರುವುದು, ಆದರೆ ಒಳಗೆ ಕಾಲಿಡದೆ ಎದುರಿನ ಮೋರಿ ಕಟ್ಟೆಯ ಮೇಲೆ ಚರ್ಚಿಗೆ ಬೆನ್ನು ಮಾಡಿ ಕೂರುವುದು! ಆದರೂ ಹಳೇ ಅಭ್ಯಾಸ ಎಲ್ಲಿ ಬಿಡುತ್ತದೆ? ಸ್ವಾಮಿಗಳ ಉಪದೇಶ ಸ್ವಲ್ಪ ಉದ್ದವಾದರೆ ಅಲ್ಲಿಂದಲೇ, "ಇನ್ನೂ ಮುಗೀನಿಲ್ವಾ?" ಎಂದು ಕೂಗುತ್ತಿದ್ದರು. ನಾಲ್ಕನೇ ಭಾನುವಾರ ಪೂಜೆ ಮುಗಿದ ಮೇಲೆ ಸ್ವಾಮಿಗಳೇ ಹೋಗಿ ಕಟ್ಟೆಯ ಮೇಲೆ ಅವರ ಪಕ್ಕ ಕೂತರು. ನಾನೂ ಚಿಕ್ಕಮ್ಮನೂ ಹಿಂದೆಯೇ ನಿಂತಿದ್ದೆವು.

"ದೇವರ ಹತ್ತಿರ ಮಾತು ಬಿಟ್ಟೆಯಾ?"

"ನಾನ್ ಬುಟ್ಟಿಲ್ಲ ಸ್ವಾಮಿ. ಆವಯ್ಯನೇ ಬುಟ್ಟವ್ನೆ. ಒಂದ್ ವರ್ಷದಿಂದ ಬಡ್ಕತಾ ಇವ್ನಿ, ಒಂದ್ ಮಾತಿಲ್ಲ."

"ಸುಮ್ಮನಿದ್ದಾನೆ, ನಿಜ," ಎಂದರು ಸ್ವಾಮಿಗಳು. "ನಿನ್ನ ಮಗಳೂ ಸುಮ್ಮನಿದ್ದಾಳೆ. ಅವಳು ನಿನ್ನನ್ನು ಬಿಟ್ಟುಬಿಟ್ಟಿದ್ದಾಳಾ?"

ಚಿಕ್ಕಪ್ಪ ಬಾಯಿ ತೆರೆದರು, ಮುಚ್ಚಿದರು. ಮಿನ್ನಿ ಓಡಿಹೋಗಿ ಅವರ ಬೆನ್ನಿಗೆ ಜೋತುಬಿದ್ದಳು. ಅವರಿಗೆ ಉತ್ತರ ತಡವಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇನ್ನು ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನೂ ಅದೇ ವಂಶದವಳಲ್ಲವೇ? ನಾಲಗೆಗೆ ತಾಳ್ಮೆ ಎಲ್ಲಿಂದ ಬರಬೇಕು! ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ. ಮಿನ್ನಿ ಬಂದು ಚಿಕ್ಕಪ್ಪನ ಅಂಗಿ ಎಳೆದು ಅಡುಗೆಮನೆಯ ಕಡೆ ಬೆರಳು ಮಾಡಿದಳು. "ನೀರಾ? ತಕ್ಕೊ. ಬೆಲ್ಲಾನಾ? ತಕ್ಕೊ. ಹಾಲಾ? ಬಿಸ್ಕತ್ತಾ?" ಅರೆಗಳಿಗೆಯಲ್ಲಿ ಮಗುವಿನ ಎರಡೂ ಕೈ ತುಂಬಿಹೋಯಿತು. ಆಗ ನಾನು ಕಂಡೆ: ಮಗುವಿನ ತುಟಿ ಒಂಚೂರು ತೆರೆದಿತ್ತು. ಏನೋ ಬರುವುದರಲ್ಲಿತ್ತು. ಕೈಗೆ ಬಿಸ್ಕತ್ತು ಬಂದದ್ದೇ ಮುಚ್ಚಿಕೊಂಡಿತು.

"ನೀವು ಅವಳಿಗೆ ಬಾಯಿ ತೆಗ್ಯೋಕೆ ಬಿಟ್ರೆ ತಾನೇ ಚಿಕ್ಕಪ್ಪ!" ಎಂದುಬಿಟ್ಟೆ. "ಅವಳ ಮಾತೆಲ್ಲ ನೀವೇ ಆಡಿ ಮುಗ್ಸಿದ್ರೆ ಅವಳಿಗೇನು ಉಳೀತು?"

ಅವರು ಬಿಸ್ಕತ್ತಿನ ಪೊಟ್ಟಣವನ್ನು ಕೆಳಗಿಟ್ಟರು. ಎರಡು ಸಲ ತಡವರಿಸಿ, "ನಂದಾ ತಪ್ಪು?" ಎಂದರು.

ಯಾರ ತಪ್ಪೂ ಅಲ್ಲ ಎಂದು ಡಾಕ್ಟರೇ ಹೇಳಿದ್ದರು. ಆ ಮಾತನ್ನು ನಾನು ಆಗಲೇ ಹೇಳಬೇಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೇಳದೆ ಹೋದೆ. ಆ ದಿನವೆಲ್ಲ ಶಾಲೆಯಲ್ಲಿ ನನಗೆ ನನ್ನ ಮೇಲೇ ಸಿಟ್ಟು, ನಾಚಿಕೆ. ಸಂಜೆ ಬಂದು ಕ್ಷಮೆ ಕೇಳಿದರೆ ಚಿಕ್ಕಪ್ಪ, "ಬುಡವ್ವ, ನೀನ್ ಯೋಳಿದ್ದು ಒಳ್ಳೇದೇ ಆಯ್ತು. ಕಾಯದು ಎಂಗೆ ಅಂತ ಗೊತ್ತಿರ್ನಿಲ್ಲ ನಂಗೆ. ಈಗ್ ಗೊತ್ತಾಯ್ತು, ಬಾಯ್ ಮುಚ್ಕಂಡು ಪಕ್ದಲ್ ಕೂರದು," ಎಂದರು.

ಗೊತ್ತಾದರೆ ಸಾಕೇ? ಮಾಡಬೇಕಲ್ಲ! ಅವರು ಪಟ್ಟ ಪಾಡನ್ನು ಏನೆಂದು ಹೇಳಲಿ! ಮಿನ್ನಿ ಬೆರಳು ಮಾಡುತ್ತಿದ್ದಳು. ಚಿಕ್ಕಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಮುಖ ನೋಡುತ್ತಿದ್ದರು. ಒಂದು ನಿಮಿಷಕ್ಕೆ ಕಾಲು ಕುಣಿಯತೊಡಗುತ್ತಿತ್ತು. ಎರಡನೇ ನಿಮಿಷಕ್ಕೆ ಹೆಗಲ ಟವೆಲ್ಲು ಬಾಯಿಗೆ ಹೋಗುತ್ತಿತ್ತು. ಅದನ್ನು ಕಚ್ಚಿಕೊಂಡು, ಕಣ್ಣು ದೊಡ್ಡದು ಮಾಡಿ, ಬೆವರಿ, ಕೊನೆಗೆ ಮಗು ಅಳುವುದರೊಳಗೆ ಕೇಳಿದ್ದನ್ನು ಕೊಡುತ್ತಿದ್ದರು. ಆ ಮಳೆಗಾಲದಲ್ಲಿ ಮೂರು ಟವೆಲ್ಲು ಹರಿದವು. ಚಿಕ್ಕಮ್ಮ ಹೊಲಿದೂ ಹೊಲಿದೂ ಸಾಕಾಗಿ, "ಇನ್ ಗೋಣಿ ತಾಟು ಕಚ್ಕಳಿ!" ಎಂದರು.

ಮುಷ್ಕರವೂ ಯಾವಾಗಲೋ ಮುಗಿದಿತ್ತು. ಕಟ್ಟೆ ಬಿಟ್ಟು ಚರ್ಚಿನ ಕೊನೆಯ ಬೆಂಚಿಗೆ ಬಂದಿದ್ದರು. ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ನೋಡಿದರೆ ಖಾಲಿ ಚರ್ಚಿನಲ್ಲಿ ಒಬ್ಬರೇ ಕೂತಿದ್ದಾರೆ. ಬತ್ತಿ ಇಲ್ಲ, ಜಪಸರ ಇಲ್ಲ. ಹೊರಗೆ ಬಂದಾಗ ಕೇಳಿದೆ, "ಈ ಸಲ ಏನು ಕೇಳ್ಕೊಂಡ್ರಿ ಚಿಕ್ಕಪ್ಪ?"

"ಏನೂ ಇಲ್ಲ ಕಣವ್ವ. ಕುಂತಿದ್ದೆ."

"ದೇವರು?"

"ಆವಯ್ಯನೂ ಕುಂತಿದ್ದ."

ಸುಗ್ಗಿಯ ದಿನಗಳ ಒಂದು ಭಾನುವಾರ. ಪೂಜೆ ಮುಗಿಸಿ ಮನೆಗೆ ಬಂದಿದ್ದೆವು. ಚಿಕ್ಕಮ್ಮ ಸಾರಿಗೆ ಕಾಯಿ ತುರಿಯುತ್ತಿದ್ದರು, ನಾನು ಶಾಲೆಯ ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ಮಿನ್ನಿಗೆ ಆಗ ಐದು ತುಂಬುತ್ತಾ ಬಂದಿತ್ತು. ಬಿಸಿಲಲ್ಲಿ ನಡೆದು ಬಂದವಳು ನೀರಿನ ಗಡಿಗೆಯ ಹತ್ತಿರ ನಿಂತು ಬೆರಳು ಮಾಡಿದಳು. ಚಿಕ್ಕಪ್ಪ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಅವಳ ಎದುರು ಕೂತರು. ದಿನಾ ನಡೆಯುತ್ತಿದ್ದದ್ದೇ, ಹಾಗಾಗಿ ನಾವು ಯಾರೂ ತಲೆಯೆತ್ತಲಿಲ್ಲ.

"ನೀ," ಎಂದಿತು ಒಂದು ದನಿ.

ಆ ಮನೆಯಲ್ಲಿ ಎಂದೂ ಕೇಳದ ದನಿ. ಚಿಕ್ಕಮ್ಮನ ಕೈಯಿಂದ ಕಾಯಿಹೋಳು ಜಾರಿ ಉರುಳಿತು. ನಾವಿಬ್ಬರೂ ಒಟ್ಟಿಗೇ ಎದ್ದು, "ನೀರು! ನೀರು ಅನ್ನು ಮಿನ್ನಿ, ನೀರು!" ಎಂದು ಕೂಗುವುದರಲ್ಲಿದ್ದೆವು. ಚಿಕ್ಕಪ್ಪ ನಮ್ಮ ಕಡೆ ತಿರುಗದೆಯೇ ಒಂದು ಕೈ ಮೇಲೆತ್ತಿದರು. ನಾವು ಎದ್ದಲ್ಲೇ ನಿಂತೆವು.

ಮಗುವಿನ ತುಟಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ನನಗೆ ತಡೆಯಲಾಗುತ್ತಿರಲಿಲ್ಲ, ಉಗುರು ಅಂಗೈಗೆ ಒತ್ತಿಹೋಗಿತ್ತು. ಚಿಕ್ಕಪ್ಪನ ಕಾಲು ಕುಣಿಯಲಿಲ್ಲ. ಟವೆಲ್ಲು ಬಾಯಿಗೆ ಹೋಗಲಿಲ್ಲ. ಅವರು ಸುಮ್ಮನೆ ಮಗಳ ಮುಖ ನೋಡುತ್ತಾ ಕೂತಿದ್ದರು.

"...ರು," ಎಂದಳು ಮಿನ್ನಿ.

ಅವರು ಲೋಟವನ್ನು ಅವಳ ಕೈಗೆ ಕೊಟ್ಟರು. ಅವಳು ಎರಡೂ ಕೈಯಲ್ಲಿ ಹಿಡಿದು ಗಟಗಟನೆ ಕುಡಿಯತೊಡಗಿದಳು. ಚಿಕ್ಕಮ್ಮ ಬಾಗಿಲಿಗೆ ಒರಗಿ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನಾನೂ ಅಳುತ್ತಿದ್ದೆ, ಆದರೂ ನನ್ನ ಬಾಯಿ ನಿಲ್ಲಬೇಕಲ್ಲ! "ಇನ್ನೊಂದ್ಸಲ ಅನ್ಸಿ ಚಿಕ್ಕಪ್ಪ! ಈಗಲೇ! ಅಪ್ಪ ಅನ್ನೋಕೆ ಹೇಳಿ!"

"ಬ್ಯಾಡ ಕಣವ್ವ. ಬಾಯಾರೈತೆ ಮಗೀಗೆ. ಮೊದ್ಲು ಕುಡೀಲಿ."

"ಮತ್ತೆ ಅಪ್ಪ ಅಂತ ಯಾವಾಗ ಅನ್ನೋದು?"

ಅವರು ನನ್ನ ಕಡೆ ತಿರುಗಿದರು. ಮುಖವೆಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಬೇಕೆಂಬ ಯೋಚನೆಯೂ ಇದ್ದಂತಿರಲಿಲ್ಲ.

"ಅಂತಾಳೆ ಬುಡು," ಎಂದರು. "ನಾನು ಇಲ್ಲೇ ಇರ್ತೀನಲ್ಲ."